ಎರಡು ಪಿರಿಯಡ್ ಬಾಕಿ

ಮೂರನೇ ಕ್ಲಾಸಿನ ಮಕ್ಕಳಿಗೆ ಶಾಲೆಯವರು ವಾರಕ್ಕೆ ಎರಡು ಪಿರಿಯಡ್ ಸಂಗೀತ ಬಾಕಿ ಉಳಿಸಿಕೊಂಡಿದ್ದಾರೆ. ಕೊಡಬೇಕಾದವರು ಮರೆತು ಹಾಯಾಗಿದ್ದಾರೆ. ಕಲಿಸುತ್ತಿದ್ದವಳು ಮರೆತಿಲ್ಲ.

ಮಕ್ಕಳು ಅವಳನ್ನು ಡಬ್ಬಾ ಟೀಚರ್ ಅನ್ನುತ್ತಿದ್ದರು. ಶಾಲೆ ಒಂದು ಮುರುಕು ವಾದ್ಯವನ್ನೂ ಕೊಡಿಸಲಿಲ್ಲ. ಗಂಡ ಗೋಡೆಗೆ ಬಣ್ಣ ಬಳಿಯುವವನು, ಖಾಲಿ ಡಬ್ಬಕ್ಕೆ ಬರವಿರಲಿಲ್ಲ. ಅವನ್ನೇ ಬೋರಲು ಹಾಕಿ ಕಲಿಸಿದಳು. ಬಾಯಿ ಮಾತ್ರ ಮೆಣಸಿನಕಾಯಿ. "ನನಗೂ ಕತ್ತೆಗೂ ಒಂದೇ ದುಡಿಮೆ. ಅದು ಒದ್ದರೆ ಯಾರೂ ನೋಟಿಸ್ ಕೊಡಲ್ಲ, ಅಷ್ಟೇ ವ್ಯತ್ಯಾಸ" ಅಂತ ಸ್ಟಾಫ್ ರೂಮಿನಲ್ಲೇ ಅನ್ನುತ್ತಿದ್ದಳು.

ಅವಳ ಪಾಠದ ಕ್ರಮವೇ ಬೇರೆ. ಹಾಡುವ ಮೊದಲು ಪದವನ್ನು ಒಡೆದು ಡಬ್ಬದ ಮೇಲೆ ಬಾರಿಸಬೇಕು. ಅಕ್ಷರಕ್ಕೊಂದು ಪೆಟ್ಟು. ನಡುವೆ ಒಂದು ಪೆಟ್ಟು ಕೈ ಎತ್ತಿ ಸುಮ್ಮನಿರಬೇಕು, ಅದನ್ನು ಮನಸ್ಸಿನಲ್ಲೇ ಬಾರಿಸಬೇಕು. ಅದಕ್ಕೆ ಬಿಟ್ಟ ಪೆಟ್ಟು ಅಂತ ಹೆಸರು. ಮಕ್ಕಳು ಎಡವುತ್ತಿದ್ದದ್ದೂ ಅಲ್ಲೇ, ಬಿದ್ದುಬಿದ್ದು ನಗುತ್ತಿದ್ದದ್ದೂ ಅಲ್ಲೇ.

ಇಸ್ತ್ರಿ ಅಂಗಡಿಯವಳ ಮಗಳು ಓದುವಾಗ ಪದದ ಬಾಲ ನುಂಗುತ್ತಿದ್ದಳು. 'ಮರದ' ಅಂತಿದ್ದರೆ 'ಮರ' ಅನ್ನುವಳು. ಮುಂದಿನ ಸಾಲು ಕೇಳಿದರೆ ಕಣ್ಣೀರು. ಎರಡು ವರ್ಷ ಡಬ್ಬ ಬಡಿದ ಮೇಲೆ ಬಾಲ ಸಮೇತ ಓದತೊಡಗಿದಳು. "ಈಗ ಬೋರ್ಡು ಕಂಡಲ್ಲೆಲ್ಲ ನಿಂತು ಓದ್ತಾಳೆ, ಮನೆ ಮುಟ್ಟೋಕೆ ಸಂಜೆ ಆಗತ್ತೆ" ಅಂತ ತಾಯಿ ಬೈದುಕೊಂಡೇ ಹಿಗ್ಗುತ್ತಿದ್ದಳು.

ಆಗ ಹೆಡ್‌ಮಾಸ್ಟರ ಕಣ್ಣು ಡಬ್ಬ ಬಾರಿಸುವ ಆ ರೂಮಿನ ಮೇಲೆ ಬಿತ್ತು. ಲೆಕ್ಕದ ವಿಶೇಷ ತರಗತಿಗೆ ಬೇಕಂತೆ.

"ಸಂಗೀತ ಕಲಿತರೆ ಮಕ್ಕಳ ಮೆದುಳು ಬೆಳೆಯತ್ತೆ ಸಾರ್. ಡಾಕ್ಟರು ರೇಡಿಯೋದಲ್ಲಿ ಹೇಳಿದ್ದಾರೆ" ಅಂದಳು ಟೀಚರ್.

"ಬೆಳೆಯತ್ತಾ? ಒಳ್ಳೇದು ಮೇಡಂ. ಈ ಪರೀಕ್ಷೇಲಿ ಲೆಕ್ಕದ ಮಾರ್ಕ್ಸು ಏರಲಿ, ರೂಮು ನಿಮ್ಮದು. ಏರದಿದ್ರೆ ನನ್ನದು."

"ಆಗಲಿ" ಅಂದುಬಿಟ್ಟಳು. ರೋಷಕ್ಕೆ ಬಿದ್ದು ತನ್ನ ಕುತ್ತಿಗೆಗೆ ತಾನೇ ಹಗ್ಗ ಹೊಸೆದುಕೊಂಡಳು. ಡಾಕ್ಟರು ಹೇಳಿದ್ದು ವರ್ಷಗಟ್ಟಲೆ ಕಲಿತವರ ಮಾತು: ಕಿವಿ ಚುರುಕಾಗಬಹುದು, ಗಮನ ನಿಲ್ಲಬಹುದು, ಎಲ್ಲ ಮಕ್ಕಳಿಗೂ ಒಂದೇ ಅಳತೆಯಲ್ಲ. ಒಂದು ಪರೀಕ್ಷೆಯೊಳಗೆ ಭಾಗಾಕಾರ ಬರುತ್ತೆ ಅಂತ ಅವರೆಲ್ಲಿ ಹೇಳಿದ್ದರು? ಮೆದುಳೇನು ಉದ್ದಿನ ಹಿಟ್ಟೇ, ಸಂಜೆ ರುಬ್ಬಿಟ್ಟರೆ ಬೆಳಿಗ್ಗೆ ಉಬ್ಬೋಕೆ?

ಮಾರನೇ ದಿನದಿಂದ ಹಾಡು ನಿಂತಿತು. ಡಬ್ಬದ ಮೇಲೆ ಮಗ್ಗಿ ಶುರುವಾಯಿತು. ಏಳೇಳ್ಲ ನಲವತ್ತೊಂಬತ್ತು, ಏಳೆಂಟ್ಲ ಐವತ್ತಾರು, ತಡೆಯಿಲ್ಲದೆ, ಉಸಿರಿಲ್ಲದೆ.

"ಟೀಚರ್, ಬಿಟ್ಟ ಪೆಟ್ಟು ಯಾವಾಗ ಬರತ್ತೆ?" ಇಸ್ತ್ರಿಯವಳ ಮಗಳು ಕೇಳಿದಳು.

"ಬಾಯಿ ಮುಚ್ಕೊಂಡು ಮಗ್ಗಿ ಹೇಳು."

ಆ ರೂಮಿನಲ್ಲಿ ಅಂಥ ಮಾತು ಅದುವರೆಗೂ ಬಂದಿರಲಿಲ್ಲ. ಹುಡುಗಿ ಕೈ ಮಡಿಲಿಗೆ ಎಳೆದುಕೊಂಡಳು. ಆಮೇಲೆ ಡಬ್ಬ ಮುಟ್ಟಲಿಲ್ಲ.

ಮಾರ್ಕ್ಸು ಏರಲೂ ಇಲ್ಲ, ಇಳಿಯಲೂ ಇಲ್ಲ. ಡಬ್ಬಗಳು ಗುಜರಿಗೆ ಹೋದವು, ರೂಮಿಗೆ ಕರಿಹಲಗೆ ಬಂತು, ಟೀಚರನ್ನು ಹಾಜರಿ ತೆಗೆಯುವ ಕೆಲಸಕ್ಕೆ ಹಾಕಿದರು.

ಹುಡುಗಿಯ ತಾಯಿ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ನೇರ ಆಫೀಸಿಗೆ ಬಂದಳು. "ಸಾರ್, ಆಟದ ಬಯಲಿಗೆ ಮಾರ್ಕ್ಸ್ ಕೇಳಿದ್ರಾ?"

"ಅದು ಬೇರೆ ವಿಷಯ ಕಣಮ್ಮ."

"ನಿಮ್ಮ ಕುರ್ಚಿಗೆ ಕೇಳಿದ್ರಾ? ಹಾಡಿಗೆ ಮಾತ್ರ ಯಾಕೆ ಸಾರ್ ಪರೀಕ್ಷೆ? ನನ್ನ ಮಗಳು ಮತ್ತೆ ಓದೋಕೆ ಬಾಯಿ ಬಿಡದೆ ಕೂತಿದ್ದಾಳೆ."

"ಮೇಲಿನವರ ತೀರ್ಮಾನ."

ಬಾಗಿಲಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತಿದ್ದ ಟೀಚರ್ ಒಳಗೆ ಬಂದಳು. "ಮೆದುಳಿನ ಮಾತು ಎತ್ತಿ ನಾನೇ ಕೆಟ್ಟೆ. ಬೆಳೆದರೂ ಬೆಳೆಯದಿದ್ದರೂ ಮಗು ಹಾಡಬೇಕು, ಅದು ಅದರ ಪಾಲು ಅಂತ ಅವತ್ತೇ ಹೇಳಬೇಕಿತ್ತು. ಈಗ ಹೇಳ್ತಿದ್ದೀನಿ. ರೂಮು ಬಿಡಿ."

ಅವರು ಬಿಟ್ಟಿಲ್ಲ. ಇವರಿಬ್ಬರೂ ದಿನಾ ಆ ಆಫೀಸಿನ ಮುಂದೆ ನಿಲ್ಲುತ್ತಿದ್ದಾರೆ. ಇಬ್ಬರನ್ನು ತಳ್ಳೋದು ಸುಲಭ.

ನಿಮ್ಮ ಮಗುವೂ ಯಾವುದೋ ಶಾಲೆಗೆ ಹೋಗುತ್ತಲ್ಲ? ನಾಳೆ ಅಲ್ಲಿಗೆ ಹೋಗಿ ಕೇಳಿ, ಸಂಗೀತದ ಪಿರಿಯಡ್ ಯಾವತ್ತು, ಕಲಿಸುವವರು ಯಾರು? ಮಾರ್ಕ್ಸಿನ ಮಾತೆತ್ತಿದರೆ ಕುರ್ಚಿಯಿಂದ ಏಳಬೇಡಿ. ಉತ್ತರ ಬರುವ ತನಕ ಅಲ್ಲೇ ಕೂತಿರಿ.