ಟ್ಯಾಸಿ ಇಳಿಸದ ಅಡ್ಡಹಲಗೆ

ಟ್ಯಾಸಿ ಹೋಗ್ ಎಂಬವಳು ಬಾಯಿಬಿಟ್ಟು ಮಾತಾಡಿದ್ದನ್ನು ಕೇಳಿದವರು ನಮ್ಮ ಸೆನೆಕಾ ಸರೋವರದ ದಂಡೆಯಲ್ಲಿ ಕಡಿಮೆ. ನಾನೋ ವಟವಟ ಅನ್ನುವವಳು. ಅವಳ ಪಕ್ಕ ಕೂತು ಸೇಬು ಹೆಚ್ಚಿ ಒಣಗಿಸಲು ದಾರಕ್ಕೆ ಪೋಣಿಸುತ್ತಿದ್ದರೆ ನನ್ನ ಬಾಯಿಗೂ ಬೀಗ ಬೀಳುತ್ತಿತ್ತು. ಸರೋವರದ ಮಂಜು ಮೆಲ್ಲಗೆ ಒಳಗೆ ಬಂದು ನಮ್ಮಿಬ್ಬರ ನಡುವೆ ಕೂತಂತೆ ಇರುತ್ತಿತ್ತು. ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಗಂಡ ತೀರಿಹೋದ ಮೇಲೆ ನಮ್ಮ ಕ್ವೇಕರ್ ಪಂಥದವರು ಪ್ರಾರ್ಥನೆಗೆ ಸೇರುವ ಸಭಾಮನೆ ಗುಡಿಸುವ, ಒಲೆ ಹಚ್ಚುವ ಕೆಲಸ ಅವಳ ಪಾಲಿಗೆ ಬಂತು. ಅಡ್ಡಹಲಗೆ ಇಳಿಸುವುದೂ ಅವಳೇ.

ನಮ್ಮ ಪಂಥಕ್ಕೆ ಪಾದ್ರಿಯಿಲ್ಲ. ದೇವರ ಬೆಳಕು ಎಲ್ಲರೊಳಗೂ ಒಂದೇ. ಅದಕ್ಕೇ ನ್ಯಾಯಾಧೀಶನಿಗೂ ‘ನೀನು’, ಕೂಲಿಯವನಿಗೂ ‘ನೀನು’. ಕೇಳೋಕೆ ಎಷ್ಟು ಚೆಂದ! ಪ್ರಾರ್ಥನೆಯಲ್ಲಿ ಗಂಡಸರು ಒಂದು ಬದಿ, ಹೆಂಗಸರು ಇನ್ನೊಂದು ಬದಿ ಸುಮ್ಮನೆ ಕೂರುತ್ತಿದ್ದೆವು. ಅದು ಮುಗಿದು ಸಂಘದ ವಿಚಾರ ಶುರುವಾಗುವಾಗ ಟ್ಯಾಸಿ ಅಟ್ಟ ಹತ್ತಿ ರಾಟೆ ತಿರುಗಿಸುತ್ತಿದ್ದಳು. ನಡುವೆ ಹಲಗೆಗಳು ಇಳಿದು ಒಂದು ಮನೆ ಎರಡಾಗುತ್ತಿತ್ತು. ನಾವು ಹೆಂಗಸರು ಈಚೆ ತೀರ್ಮಾನಿಸಿ ಆಚೆಗೆ ಹೇಳಿಕಳಿಸುತ್ತಿದ್ದೆವು. ಗಂಡಸರು ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಮ್ಮೆಲ್ಲರ ಟೋಪಿ ಹೊಲಿಯುತ್ತಿದ್ದವಳು ಕೆಜಾಯ, ದಕ್ಷಿಣದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಕರಿಯ ಹೆಂಗಸು. ವರ್ಷಗಟ್ಟಲೆ ತಪ್ಪದೆ ಪ್ರಾರ್ಥನೆಗೆ ಬಂದವಳು. ಅವಳಿಗೆ ಜಾಗ ಮೆಟ್ಟಿಲ ಕೆಳಗಿನ ಬೆಂಚು. ಗುಲಾಮಗಿರಿ ಪಾಪ ಎಂದು ಊರೂರು ಸಾರುತ್ತಿದ್ದ ನಾವೇ ಆ ಬೆಂಚು ಹಾಕಿದವರು. ಥೂ, ನೆನೆದರೆ ಮೈ ಉರಿಯುತ್ತದೆ! ನನ್ನನ್ನೂ ಸಂಘಕ್ಕೆ ಸೇರಿಸಿಕೊಳ್ಳಿ ಎಂದು ಅವಳು ಒಮ್ಮೆ ಕೇಳಿಕೊಂಡಿದ್ದಳು. ಹೆಂಗಸರು ಹೂಂ ಅಂದೆವು. ಹಲಗೆಯ ಆಚೆಯಿಂದ ‘ಇನ್ನೂ ಕಾಲ ಬಂದಿಲ್ಲ’ ಎಂದು ಉತ್ತರ ಬಂತು. ಮರುವರ್ಷದ ಶರತ್ಕಾಲದಲ್ಲಿ ಕೆಜಾಯ ಮತ್ತೆ ಕೇಳಿದಳು. ಈ ಸಲವೂ ಇಲ್ಲವೆಂದರೆ ಊರನ್ನೇ ಬಿಡುತ್ತೇನೆ ಎಂದಿದ್ದಳು.

ಅದು ತೀರ್ಮಾನವಾಗಬೇಕಿದ್ದ ಬೆಳಿಗ್ಗೆ ಕಿಟಕಿಯ ಬಿಸಿಲಲ್ಲಿ ಧೂಳು ತೇಲುತ್ತಿತ್ತು. ಟ್ಯಾಸಿ ಅಟ್ಟಕ್ಕೆ ಹೋದಳು. ಹಲಗೆ ಮಾತ್ರ ಇಳಿಯಲಿಲ್ಲ.

ಹಿರಿಯ ಅಮೋಸ್ ಮೋಷರ್ ಕತ್ತೆತ್ತಿದ. “ಟ್ಯಾಸಿ, ಹಲಗೆ ಇಳ್ಸು.”

“ಇಲ್ಲ ಅಮೋಸ್. ಇವತ್ತು ಇಳ್ಸಲ್ಲ.”

“ಯಾಕೆ, ರಾಟೆ ಕೆಟ್ಟಿದ್ಯಾ?”

“ರಾಟೆ ಚೆನ್ನಾಗೇ ಇದೆ. ಕೆಜಾಯ ಬೇಡ ಅನ್ನೋರು ಅವಳ ಮುಖ ನೋಡ್ಕೊಂಡು ಅನ್ಲಿ.”

“ಏನು ಸೊಕ್ಕು ನಿಂದು!”

“ಒಳಗಿನ ಬೆಳಕು ನಿಂಗೆ ಹಂಗೆ ಹೇಳ್ತಿದ್ರೆ ಹತ್ತಿ ಬಾ, ನೀನೇ ತಿರುಗ್ಸು.”

ಅಬ್ಬಬ್ಬಾ! ಅಷ್ಟು ಮಾತನ್ನು ಅವಳು ಮದುವೆಯ ದಿನವೂ ಆಡಿರಲಿಲ್ಲ. ನನ್ನ ಗಂಡ ಎಲೈ ಅಟ್ಟ ಹತ್ತಲು ಅರ್ಧ ಎದ್ದ. ನಾನು ಕಣ್ಣು ಕೆಕ್ಕರಿಸಿದೆ; ಮೆತ್ತಗೆ ಕೂತ. ಇದಕ್ಕಾಗಿ ಆಮೇಲೆ ಅಟ್ಟದ ಕೆಲಸವನ್ನು ಟ್ಯಾಸಿಯಿಂದ ಕಿತ್ತುಕೊಂಡರು. ಹಾಗಾಗುತ್ತದೆಂದು ಅವಳಿಗೆ ಆಗಲೇ ಗೊತ್ತಿತ್ತು.

ಸಭೆ ನಡೆಸುವವನು ಎದ್ದು ಕೇಳಿದ, “ಕೆಜಾಯ ನಮ್ಮವಳಾಗೋಕೆ ಯಾರದಾದ್ರೂ ಅಡ್ಡಿ ಇದ್ಯಾ?”

ನಮ್ಮಲ್ಲಿ ಕೈ ಎತ್ತಿಸುವ ಪದ್ಧತಿಯಿಲ್ಲ. ಮಾತಾಡದವರು ಒಪ್ಪಿದ ಹಾಗೆ. ಮೌನ ಇಳಿಯಿತು. ಬಿಸಿಲು ಒಂದು ಬೆಂಚಿನಿಂದ ಇನ್ನೊಂದಕ್ಕೆ ಜಾರಿತು. ಹೊರಗೆ ಹಣ್ಣಾದ ಸೇಬೊಂದು ಹುಲ್ಲಿನ ಮೇಲೆ ಬಿದ್ದದ್ದು ಕೇಳಿಸಿತು. ನಾನು ಎಚ್ಚರವಾಗಿದ್ದೇನೋ ಕನಸಿನಲ್ಲಿದ್ದೇನೋ ಗೊತ್ತಾಗಲಿಲ್ಲ. ಅಮೋಸ್ ಬಾಯಿ ತೆರೆದ. ಕೆಜಾಯ ಅವನ ಕಡೆ ಮುಖ ತಿರುಗಿಸಿದಳು, ಅಷ್ಟೇ. ಅವನು ಬಾಯಿ ಮುಚ್ಚಿದ.

“ಯಾರೂ ಬೇಡ ಅನ್ಲಿಲ್ಲ. ಕೆಜಾಯ ನಮ್ಮವಳು,” ಎಂದ ಸಭೆ ನಡೆಸುವವನು.

ಆದರೆ ಹಿರಿಯನು ಪಕ್ಕದವನ ಕೈ ಕುಲುಕಿದರೇನೇ ನಮ್ಮ ಸಭೆ ಮುಗಿದಂತೆ. ಅಲ್ಲಿಯವರೆಗೆ ಯಾರೂ ಏಳುವ ಹಾಗಿಲ್ಲ. ಅಮೋಸ್ ಎರಡೂ ಕೈಗಳನ್ನು ಮೊಣಕಾಲ ನಡುವೆ ಬಿಗಿಹಿಡಿದು ಕೂತುಬಿಟ್ಟ. ಹೊತ್ತು ಏರಿತು. ಮಕ್ಕಳು ಹಸಿವಿಗೆ ಕುಂಯ್‌ಗುಟ್ಟಿದವು.

ಏಳಬಾರದ ಹೊತ್ತಿನಲ್ಲಿ ಕೆಜಾಯ ಎದ್ದಳು. ನಮ್ಮ ಸಾಲುಗಳನ್ನು ದಾಟಿ, ಹಲಗೆ ಇಳಿಯಬೇಕಿದ್ದ ಗೆರೆಯನ್ನೂ ದಾಟಿ ಅಮೋಸನ ಮುಂದೆ ನಿಂತು ಕೈ ಚಾಚಿದಳು.

“ಅಮೋಸ್, ನಿಂಗೆ ಊಟಕ್ಕೆ ಹೊತ್ತಾಗಲ್ವಾ?”

ಸೂಜಿ ಚುಚ್ಚಿ ಚುಚ್ಚಿ ಒರಟಾದ ಆ ಬೆರಳುಗಳನ್ನು ಅವನು ಬಹಳ ಹೊತ್ತು ನೋಡಿದ. ಆಮೇಲೆ ಆ ಕೈ ಹಿಡಿದು ಕುಲುಕಿದ. ನಾವೆಲ್ಲ ಎದ್ದೆವು.