ಜಾಕಣ್ಣನವರ ಕಾರು ಮತ್ತು ಇಳಿಯದ ಅತ್ತೆ

ಜಾಕಣ್ಣನವರನ್ನು ನಾನು ಮೊದಲ ಸಲ ನೋಡಿದಾಗ ಅವರು ರಸ್ತೆಯ ಮೇಲೆ ಮಕಾಡೆ ಮಲಗಿದ್ದರು. ಒಂದು ಕೆನ್ನೆ ನೆಲಕ್ಕಿಟ್ಟು, ತಮ್ಮ ಹಳೇ ಕಾರಿನ ಅಡಿಗೆ ಕಣ್ಣು ಹಾಯಿಸುತ್ತ, ಬೆರಳ ಗೆಣ್ಣಿನಿಂದ ತಗಡನ್ನು ಟಕ್ ಟಕ್ ಎನ್ನಿಸುತ್ತಿದ್ದರು. ಆ ಬೀದಿಗೆ ನಾವು ಹೊಸಬರು. ಪಾಪ, ಏನೋ ಕಳೆದುಕೊಂಡಿದ್ದಾರೆ, ನೆರೆಯವರ ಹತ್ತಿರ ಒಳ್ಳೆಯವನೆನ್ನಿಸಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಸಿಗದು ಎಂದುಕೊಂಡು, ಇಸ್ತ್ರಿ ಮಾಡಿದ ಅಂಗಿಯನ್ನೂ ಲೆಕ್ಕಿಸದೆ ಕಾರಿನ ಆಚೆ ಬದಿಯಲ್ಲಿ ನಾನೂ ಮಲಗಿದೆ. ಎಣ್ಣೆಯ ಕಲೆ, ಒಂದು ಒಣ ಎಲೆ, ನನ್ನನ್ನು ಸಂಶಯದಿಂದ ನೋಡುತ್ತಿದ್ದ ಒಂದು ಬೆಕ್ಕು ಬಿಟ್ಟರೆ ಬೇರೇನೂ ಕಾಣಲಿಲ್ಲ. ಕತ್ತು ಹಿಡಿದುಕೊಳ್ಳುವಷ್ಟು ಹೊತ್ತು ಹುಡುಕಿದ ಮೇಲೆ ಕೇಳಿದೆ: "ಏನು ಕಳೆದದ್ದು? ಉಂಗುರಾನಾ?"

"ಏನೂ ಕಳೆದಿಲ್ವಲ್ಲ," ಎಂದಿತು ಆಚೆ ಬದಿಯ ಕೆನ್ನೆ. "ಜಾಕ್ ಕೊಡೋ ಕಡೆ ತಗಡು ಇನ್ನೂ ಗಟ್ಟಿ ಇದೆಯಾ ಅಂತ ನೋಡ್ತಿದೀನಿ. ಅದ್ಸರಿ, ನೀವೇನು ಹುಡುಕ್ತಿದೀರಿ?"

ವೃತ್ತಿಯಲ್ಲಿ ಅವರು ಕ್ಷೌರಿಕರು. ಬೀದಿಯ ಮೂಲೆಯಲ್ಲಿ ಎರಡು ಕುರ್ಚಿಯ ಅಂಗಡಿ. ಒಂದು ಕುರ್ಚಿ ಗಿರಾಕಿಗೆ, ಇನ್ನೊಂದು ಕಾರಿನ ಬಿಡಿಭಾಗಗಳಿಗೆ. ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದಿರಲೇಬೇಕು. ಬೀದಿಯವರು ಅದನ್ನು ಮರೆತು ಜಾಕಣ್ಣ ಎನ್ನುತ್ತಿದ್ದರು. ಕಾರನ್ನು ನೆಲದಿಂದ ಒಂದು ಗೇಣು ಮೇಲೆತ್ತುವುದರ ಬಗ್ಗೆ ಅವರಿಗಿದ್ದಷ್ಟು ಅಭಿಪ್ರಾಯಗಳು ದೇಶ ಆಳುವವರಿಗೆ ದೇಶದ ಬಗ್ಗೆಯೂ ಇರಲಾರವು. ಮುಖಕ್ಕೆ ನೊರೆ ಹಚ್ಚಿ, ಅರ್ಧ ಗಡ್ಡ ತೆಗೆದು, ಕತ್ತಿಯನ್ನು ಗಾಳಿಯಲ್ಲಿ ನಿಲ್ಲಿಸಿ ಉಪನ್ಯಾಸ ಶುರು ಮಾಡುವರು. ಅರ್ಧ ಗಡ್ಡದವನು ಎಲ್ಲಿಗೆ ಎದ್ದು ಹೋದಾನು?

"ಹಳೇ ಕಾರು ಅಂದ್ರೆ ವಯಸ್ಸಾದೋರ ಕೆನ್ನೆ ಇದ್ದ ಹಾಗೆ ಕಣ್ರೀ. ಎಲ್ಲಂದ್ರಲ್ಲಿ ಒತ್ತಿದ್ರೆ ಗಾಯ. ಮೂಳೆ ಎಲ್ಲಿದೆ ನೋಡಿ ಅಲ್ಲೇ ಕೈ ಇಡಬೇಕು."

ಕಾರಿನ ಮೂಳೆ ಎಂದರೆ ಬಾಗಿಲ ಕೆಳಗೆ, ಚಕ್ರದ ಪಕ್ಕದಲ್ಲಿ, ತಗಡು ದಪ್ಪವಾಗಿರುವ ಅಂಚು. ಅದನ್ನು ತುಕ್ಕು ತಿಂದಿದ್ದರೆ ಚಹಾದಲ್ಲಿ ನೆನೆದ ಬಿಸ್ಕತ್ತಿಗೆ ಬೆರಳು ಹೋದಂತೆ ಜಾಕ್ ಒಳಗೆ ಹೋಗುತ್ತದೆ. ತುಕ್ಕು ಹಿಡಿಯದಿದ್ದರೂ ಅಂಚು ಜಜ್ಜಿಹೋಗದಿರಲೆಂದು ಅವರು ನಡುವೆ ಕಚ್ಚು ಕೊರೆದ ಮರದ ತುಂಡೊಂದನ್ನು ಮಾಡಿಸಿ, ಅಂಗಡಿಯಲ್ಲಿ ಬ್ರಷ್ಷುಗಳಿಗಿಂತ ಒಂದು ಶೆಲ್ಫ್ ಮೇಲೆ ಇಟ್ಟಿದ್ದರು. ಇದೆಲ್ಲಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದಿತ್ತು: ಎತ್ತುವಾಗ ಕಾರಿನೊಳಗೆ ಯಾರೂ ಇರಕೂಡದು.

"ಒಂದ್ಸಲ ನೊಣಾನೂ ಇಳಿಸಿದ್ರು," ಎಂದು ಅಂಚೆ ಹಂಚುವ ಅವರ ಹೆಂಡತಿ ಮನೆ ಮನೆಗೂ ಕಾಗದದ ಜೊತೆ ಈ ಸುದ್ದಿಯನ್ನೂ ಮುಟ್ಟಿಸಿದ್ದರು.

ಈ ಕಟ್ಟಳೆಯೇ ಅವರ ಕಾಲಿಗೆ ತೊಡರಿದ್ದು ಅತ್ತೆಯ ಕಣ್ಣಿನ ಆಪರೇಷನ್ನಿನ ದಿನ. ಮಗಳ ಮನೆಯಲ್ಲೇ ಇದ್ದ ಆ ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದು, ಬಾಗಿಲ ಪಕ್ಕ ನೇತುಹಾಕಿದ್ದ ಕೋಟಿಗೆ ಕೂತ್ಕೊಳ್ಳಿ ಎಂದು ಉಪಚಾರ ಮಾಡುವ ಮಟ್ಟ ಮುಟ್ಟಿತ್ತು. ಹಿಂದಿನ ವಾರ ಮೆಟ್ಟಿಲು ಕಾಣದೆ ಬಿದ್ದು ಮಂಡಿ ತರಚಿಕೊಂಡಿದ್ದರು. ಆಪರೇಷನ್ನಿಗೆ ಅಂದು ಬೆಳಗ್ಗೆ ಹತ್ತಕ್ಕೆ ಆಸ್ಪತ್ರೆಯಲ್ಲಿರಬೇಕು. ಸರದಿ ತಪ್ಪಿದರೆ ಮತ್ತೆ ಸಿಗುವುದು ತಿಂಗಳುಗಟ್ಟಲೆ ಆದ ಮೇಲೆ. ಅತ್ತೆ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಆಗ ನೋಡಿದರೆ ಹಿಂದಿನ ಚಕ್ರದಲ್ಲಿ ಗಾಳಿಯೇ ಇಲ್ಲ.

ಜಾಕಣ್ಣನವರ ಮುಖ ಅರಳಿತು. ಪಂಕ್ಚರ್ ಆದರೆ ಅರಳುವ ಮುಖವನ್ನು ನಾನು ಬೇರೆಲ್ಲೂ ನೋಡಿಲ್ಲ. ಹ್ಯಾಂಡ್‌ಬ್ರೇಕ್ ಎಳೆದರು, ಗೇರಿಗೆ ಹಾಕಿದರು, ಮುಂದಿನ ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಟ್ಟರು. ದಾರಿಯಲ್ಲಿ ಹೋಗುತ್ತಿದ್ದ ನನ್ನನ್ನು ಕರೆದು ಕೈಗೆ ಸ್ಪ್ಯಾನರ್ ಕೊಟ್ಟು, ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲಿಸಬೇಕು, ಎತ್ತಿದ ಮೇಲೆ ಜಗ್ಗಿದರೆ ಕಾರೇ ಜಾರುತ್ತದೆ ಎಂದು ಬೋಧಿಸಿದರು. ಆಮೇಲೆ ಹಿಂದಿನ ಬಾಗಿಲು ತೆರೆದು ಬಾಗಿ ನಿಂತರು.

"ಅತ್ತೆ, ಸ್ವಲ್ಪ ಇಳೀತೀರಾ?"

"ಇಲ್ಲ."

"ಕಾರು ಎತ್ತಬೇಕಿತ್ತು."

"ಎತ್ತಿ. ನಾನೇನು ಬೇಡ ಅಂದ್ನಾ?"

"ನೀವು ಒಳಗಿದ್ರೆ ಎತ್ತೋ ಹಾಗಿಲ್ಲ ಅತ್ತೆ."

"ಹಾಗಾದ್ರೆ ಬಿಡಿ."

ಹೆಂಡತಿ ಬಂದರು. "ಅಮ್ಮಾ, ಇಳಿಯೇ! ಹೊತ್ತಾಯ್ತು!"

"ಸೊಂಟ ಹಿಡ್ಕೊಂಡಿದೆ ಕಣೇ."

"ಈಗ ತಾನೆ ಕುಣ್ಕೊಂಡು ಹತ್ತಿದ್ಯಲ್ಲ! ರೀ, ಎತ್ತಿಬಿಡ್ರೀ ಅತ್ಲಾಗೆ. ಅಮ್ಮ ಎಷ್ಟು ಮಹಾ ಭಾರ ಇದಾಳೆ?"

"ಭಾರದ ಮಾತಲ್ಲ ಕಣೇ. ಒಳಗಿರೋರು ಆ ಕಡೆ ಈ ಕಡೆ ಅಲ್ಲಾಡಿದ್ರೆ ಜಾಕ್ ವಾಲುತ್ತೆ. ನಿಮ್ಮಮ್ಮ ಅಲ್ಲಾಡದೆ ಕೂತಿದ್ದು ಯಾವತ್ತು ನೋಡಿದೀಯ?"

"ಇವತ್ತು ನೋಡ್ತಾ ಇದೀನಲ್ಲ!"

ಗಂಡ ಹೆಂಡಿರ ಮಾತು ಬಿಸಿಯೇರುತ್ತಿದ್ದಂತೆ ನಾನು ಹಿರಿಯರಿಗೆ ಬುದ್ಧಿ ಹೇಳುವ ಗತ್ತಿನಲ್ಲಿ ಕಿಟಕಿಗೆ ತಲೆ ಹಾಕಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದು ಹತ್ತಿರ ಎಳೆದುಕೊಂಡರು.

"ನಾನು ಇಳಿದ್ರೆ ತಾನೆ ಕಾರು ಎತ್ತೋದು?" ಎಂದು ಪಿಸುಗುಟ್ಟಿದರು. "ಎತ್ತಿದ್ರೆ ತಾನೆ ಆಸ್ಪತ್ರೆ? ನಾನೇನು ದಡ್ಡೀನಾ? ಕಣ್ಣಿಗೆ ಕತ್ತಿ ಹಾಕ್ತಾರಂತಪ್ಪ."

ಅಳಿಯನ ಕಟ್ಟಳೆಯನ್ನು ಅದುವರೆಗೆ ಉಪಯೋಗಕ್ಕೆ ತಂದುಕೊಂಡವರು ಆಕೆ ಒಬ್ಬರೇ.

ನಾನು ಜಾಕಣ್ಣನವರನ್ನು ಪಕ್ಕಕ್ಕೆ ಕರೆದು ಮಹಾ ಗುಟ್ಟು ಎಂಬಂತೆ ಹೇಳಿದೆ. "ಗೊತ್ತು," ಎಂದರು. ಏನೂ ಆಗದವರಂತೆ ಕಾರಿನ ಪಕ್ಕ ಮಲಗಿ, ಬಾಗಿಲ ಕೆಳಗೆ ಗೆಣ್ಣಿನಿಂದ ಬಡಿದರು. ಡಬ್ ಡಬ್.

"ಗಟ್ಟಿಯಾಗಿದೆ!" ಎಂದು ಗಟ್ಟಿಯಾಗಿ ಹೇಳಿದರು. "ಇಲ್ಲೇ ಜಾಕ್ ಕೊಡೋಣ."

ಹಿಂದಿನ ಸೀಟಿನ ಕಿವಿ ನೆಟ್ಟಗಾಯಿತು. ತಡೆಯಲಾಗಲಿಲ್ಲ. "ಏನು ಗಟ್ಟಿ? ಅದು ಪೊಳ್ಳು."

"ಇಲ್ಲ ಅತ್ತೆ, ಗಟ್ಟಿ ಇದೆ."

"ಕಲ್ಲಂಗಡಿ ಬಡಿದು ಬಡಿದೇ ಸಂಸಾರ ಮಾಡಿದೋಳು ನಾನು. ನಂಗೆ ಸದ್ದು ಹೇಳಿಕೊಡ್ತೀರಾ? ಖಾಲಿ ಡಬ್ಬದ ಸದ್ದು ಅದು!"

"ನಿಮಗೆ ಒಳಗಿಂದ ಸರಿಯಾಗಿ ಕೇಳಿಸಲ್ಲ ಬಿಡಿ."

"ನನಗಾ? ಕೇಳಿಸಲ್ವಾ?"

ಬಾಗಿಲು ಧಡಾರನೆ ತೆರೆಯಿತು. ಅಳಿಯ ತಪ್ಪು ಮಾಡುತ್ತಿರುವಾಗ ತೋರಿಸಿಕೊಡದೆ ಕೂರುವುದು ಯಾವ ಅತ್ತೆಗೆ ಸಾಧ್ಯ? ಹಿಡಿದುಕೊಂಡಿದ್ದ ಸೊಂಟ ಆ ಗಳಿಗೆಯೇ ಬಿಟ್ಟಿತು. ಆಕೆ ಇಳಿದು, ಅಂಚನ್ನು ತಡವಿ ತಡವಿ ಬಡಿಯುತ್ತ ಚಕ್ರದ ಕಡೆ ಸರಿದು, "ಇಲ್ಲಿ ಕೊಡಿ," ಎಂದರು. ಅದು ಜಾಕಣ್ಣನವರು ಪ್ರತಿಸಲ ಜಾಕ್ ಕೊಡುತ್ತಿದ್ದ ಜಾಗವೇ. ಅಷ್ಟರಲ್ಲಿ ಹೆಂಡತಿ ಬಾಗಿಲು ಮುಚ್ಚಿ, ಬೀಗ ಹಾಕಿ, ಬೀಗದಕೈಯನ್ನು ಅಂಚೆ ಚೀಲದ ತಳಕ್ಕೆ ಸೇರಿಸಿಬಿಟ್ಟಿದ್ದರು.

ಜಾಕಣ್ಣನವರು ಮರದ ತುಂಡಿಟ್ಟು ಜಾಕ್ ತಿರುವತೊಡಗಿದರು. ಒಂದಿಷ್ಟು ಏರಿದ ಮೇಲೆ ನಿಲ್ಲಿಸಿ, ಜಾಕ್ ನೆಟ್ಟಗಿದೆಯೇ ನೋಡಿದರು. ಮತ್ತೆ ಏರಿಸಿ ಮತ್ತೆ ನೋಡಿದರು. ಚಕ್ರ ನೆಲ ಬಿಟ್ಟೊಡನೆ ಸ್ಟೆಪ್ನಿಯನ್ನು ಕಾರಿನ ಅಡಿಗೆ ತಳ್ಳಿದರು; ಜಾಕ್ ಕೈಕೊಟ್ಟರೆ ಕಾರು ಟೈರಿನ ಮೇಲೆ ಕೂರಲಿ ಎಂದು.

"ಯಾಕಿಷ್ಟು ನಿಧಾನ?" ಎಂದರು ಕುರ್ಚಿ ತರಿಸಿಕೊಂಡು ಕೂತಿದ್ದ ಅತ್ತೆ.

"ಹೆದರಿಕೆ ಅತ್ತೆ. ಪ್ರತಿಸಲಾನೂ ಹೆದರಿಕೆಯಾಗುತ್ತೆ. ಆ ಕಣ್ಣಿನ ಡಾಕ್ಟ್ರೂ ಹೀಗೇ. ನನ್ನ ಹತ್ರಾನೇ ಶೇವಿಂಗ್‌ಗೆ ಬರೋದು. ಕುರ್ಚಿ ಅಲ್ಲಾಡಿಸಿ, ಅದು ಮುರಿಯಲ್ಲ ಅಂತ ಗೊತ್ತಾದ ಮೇಲೇನೇ ಕೂರೋದು. ನನಗಿಂತ ಪುಕ್ಕಲು."

"ಪುಕ್ಕಲಾ?"

"ಮಹಾ ಪುಕ್ಕಲು."

ಅತ್ತೆ ಕೈಚೀಲವನ್ನು ಎದೆಗವಚಿಕೊಂಡು ಬಹಳ ಹೊತ್ತು ಯೋಚಿಸಿದರು. ಚಕ್ರ ಬದಲಾಯಿತು, ಕಾರು ನೆಲಕ್ಕಿಳಿಯಿತು, ನಟ್ಟುಗಳು ಬಿಗಿಯಾದವು. ಆಕೆ ಎದ್ದು ಮಗಳ ಕೈಗೆ ಕಾಯದೆ ಮುಂದಿನ ಸೀಟಿನ ಬಾಗಿಲಿಗೆ ಹೋಗಿ ನಿಂತರು. "ಹಾಗಾದ್ರೆ ಸರಿ. ಆ ಡಾಕ್ಟ್ರು ಧೈರ್ಯವಂತರಾಗಿದ್ರೆ ನಾನು ಬರ್ತಿರ್ಲಿಲ್ಲ. ಬೀಗ ತೆಗಿಯೇ."

ಸ್ಪ್ಯಾನರ್ ಹಿಡಿದ ಋಣಕ್ಕೆ ನನ್ನನ್ನೂ ಹತ್ತಿಸಿಕೊಂಡರು. ಹತ್ತು ಹೊಡೆಯುವ ಹೊತ್ತಿಗೆ ಅತ್ತೆ ಒಳಗೆ, ನಾವು ಆಸ್ಪತ್ರೆಯ ಬೆಂಚಿನ ಮೇಲೆ. ಮಧ್ಯಾಹ್ನ ನರ್ಸ್ ಬಂದು ಎಲ್ಲ ಸರಿಹೋಯಿತು, ಅಮ್ಮನವರು ಡಾಕ್ಟರಿಗೆ ಅವಸರ ಮಾಡಬೇಡಿ ಎಂದು ಹೇಳುತ್ತಲೇ ಇದ್ದರು ಎಂದಳು. ಜಾಕಣ್ಣನವರು ಉಸಿರು ಬಿಟ್ಟು ಗೋಡೆಗೊರಗಿದರು. ಆಗ ನನ್ನ ತಲೆಯಲ್ಲಿ ದೀಪ ಹತ್ತಿದಂತಾಗಿ, ಊರಿಗೆಲ್ಲ ಬುದ್ಧಿವಂತ ನಾನೊಬ್ಬನೇ ಎಂಬ ಧಾಟಿಯಲ್ಲಿ ಕೇಳಿದೆ:

"ಅಲ್ಲಾ ಜಾಕಣ್ಣ, ಇಷ್ಟೆಲ್ಲ ರಾಮಾಯಣ ಯಾಕೆ? ಒಂದು ಟ್ಯಾಕ್ಸಿ ಕರೆದಿದ್ರೆ ಮುಗೀತಿತ್ತಲ್ಲ?"

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಟ್ಯಾಕ್ಸಿ ಹತ್ತಬೇಕಾದ್ರೂ ಮೊದಲು ಕಾರಿಂದ ಇಳೀಬೇಕಲ್ರೀ."