ಕಂದು ಡಬ್ಬಿ

ತೋಟದಕ್ಕನ ಮನೆಯಲ್ಲಿ ಒಂದೇ ಒಂದು ಗಿಡವಿಲ್ಲ. ಯಾರಾದರೂ ಕುಂಡ ತಂದುಕೊಟ್ಟರೆ ವಾರದೊಳಗೆ ಅದು ಒಣಗಿ ಕಡ್ಡಿಯಾಗುತ್ತದೆ. ಆದರೂ ಬೀದಿಗೆಲ್ಲ ಅವಳು ತೋಟದಕ್ಕ, ಏಕೆಂದರೆ ಅವಳು ಬೆಳೆಯುವುದೆಲ್ಲ ಕೇಕಿನ ಮೇಲೆ. ಬಿಸ್ಕತ್ತಿನ ಪುಡಿ ಉದುರಿಸಿ ಮಣ್ಣು ಮಾಡುತ್ತಾಳೆ, ವೇಫರ್ ಕಡ್ಡಿ ನೆಟ್ಟು ಬೇಲಿ ಕಟ್ಟುತ್ತಾಳೆ, ಜೆಲ್ಲಿ ಮಿಠಾಯಿ ಕತ್ತರಿಸಿ ಹೂವು ಅರಳಿಸುತ್ತಾಳೆ. ಕೊನೆಯಲ್ಲಿ ಸಕ್ಕರೆ ಹೊದಿಕೆಯ ಚಾಕೊಲೇಟ್ ಗೋಲಿಗಳನ್ನು ಒಂದೊಂದಾಗಿ ಒತ್ತಿ ತೋಟದ ನಡುವೆ ಕಲ್ಲುಹಾದಿ ಹಾಸುತ್ತಾಳೆ. ಹತ್ತೊಂಬತ್ತು ವರ್ಷದಿಂದ ಇದೇ ಕಸುಬು.

"ನಿನ್ನ ತೋಟಕ್ಕೆ ನೀರು ಹಾಕಿದ್ರೆ ಇರುವೆ ಮಾತ್ರ ಬೆಳೆಯುತ್ತೆ ಕಣೇ," ಎಂದು ಗಂಡ ಛೇಡಿಸುತ್ತಾನೆ. ಬಸ್ಸು ಓಡಿಸಿ ನಿವೃತ್ತನಾದವನು, ಈಗ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಚೂರುಪಾರು ತಿನ್ನುವುದೇ ಅವನ ಕೆಲಸ.

ಅಡುಗೆಮನೆಯ ಗೋಡೆಗೆ ಹನ್ನೊಂದು ಗಾಜಿನ ಡಬ್ಬಿಗಳ ಸಾಲು. ಒಂದರಲ್ಲಿ ಬರೀ ಹಸಿರು, ಒಂದರಲ್ಲಿ ಬರೀ ಹಳದಿ, ತುದಿಯದರಲ್ಲಿ ಬರೀ ಕಂದು. ಯಾವ ಪೊಟ್ಟಣದ ಮಿಠಾಯಿ ಉಳಿದರೂ ಅದರ ಬಣ್ಣದ ಡಬ್ಬಿಗೆ ಬೀಳುತ್ತದೆ. ಅದು ಪುದೀನವೋ, ನಿಂಬೆಯೋ, ಒಳಗೆ ಏನಿದೆಯೋ, ಅವಳಿಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಬಣ್ಣ ಕೇಳಿದರೆ ನಿದ್ದೆಗಣ್ಣಲ್ಲೂ ಕೈ ಹಾಕಿ ತೆಗೆದುಕೊಡುತ್ತಾಳೆ. ಇದು ಅವಳ ಹೆಮ್ಮೆ. ನನ್ನನ್ನು ಕೇಳಿದರೆ, ಮನುಷ್ಯರು ಎಡವುವುದು ಹಳ್ಳದಲ್ಲಲ್ಲ, ಇಂಥ ಹೆಮ್ಮೆಯಲ್ಲೇ.

ಹಿಂದಿನ ಬೀದಿಯ ಟೀಚರ್ ಬಂದು ಮಗಳ ಏಳನೇ ಹುಟ್ಟುಹಬ್ಬಕ್ಕೆ ತೋಟದ ಕೇಕು ಬೇಕೆಂದಳು. ಹೇಳಿ ಮುಗಿಸಿದವಳು ಎದ್ದು ಹೋಗಲಿಲ್ಲ.

"ಅಕ್ಕಾ, ಒಂದು ಮಾತು. ನಮ್ಮ ಪುಟ್ಟಿಗೆ ಕಡಲೆಬೀಜ ಆಗಲ್ಲ. ಒಂದು ಚೂರು ಬಾಯಿಗೆ ಹೋದ್ರೂ ಗಂಟಲು ಊದಿಕೊಂಡು ಉಸಿರು ಕಟ್ಟುತ್ತೆ. ಹೋದ ವರ್ಷ ಒಂದು ಸಲ ಆಗಿತ್ತು. ಮಗು ನೀಲಿಯಾಗಿದ್ದನ್ನ ನಾನು ನೋಡಿದೀನಿ."

"ನಿಮ್ಮ ಮಗು ನನ್ನ ಮಗು ಅಲ್ವಾ ಟೀಚರ್? ನೀವು ನಿಶ್ಚಿಂತೆಯಿಂದಿರಿ."

ಮಾತಿಗೆ ತಪ್ಪುವವಳಲ್ಲ. ಹಿಟ್ಟು, ಬೆಣ್ಣೆ, ಬಿಸ್ಕತ್ತು, ಎಲ್ಲವನ್ನೂ ಹೊಸದಾಗಿ ತಂದಳು. ಪಾತ್ರೆಗಳನ್ನು ಬಿಸಿನೀರಲ್ಲಿ ಎರಡೆರಡು ಸಲ ತೊಳೆದಳು. ಮಿಠಾಯಿ ಪೊಟ್ಟಣಗಳ ಬೆನ್ನಿನ ಸಣ್ಣ ಅಕ್ಷರಗಳನ್ನು ಗಂಡನಿಂದ ಗಟ್ಟಿಯಾಗಿ ಓದಿಸಿದಳು. ಅವನು ಹುರಿದ ಕಡಲೆಬೀಜ ತಿನ್ನುತ್ತ ಬಂದಾಗ ಹೊರಗಟ್ಟಿ, ಕೈ ತೊಳೆಸಿ ಒಳಗೆ ಬಿಟ್ಟಳು. ಮೈಯೆಲ್ಲ ಕಣ್ಣಾಗಿ ದುಡಿದಳು ಎಂದರೆ ಉತ್ಪ್ರೇಕ್ಷೆಯಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ತೋಟ ತಯಾರಾಯಿತು. ಕಲ್ಲುಹಾದಿ ಮಾತ್ರ ಪೂರ್ತಿಯಾಗಿರಲಿಲ್ಲ. ಬೇಲಿಯ ಬಾಗಿಲ ಬಳಿ ಒಂದು ಗೇಣು ಖಾಲಿ ಇರುವಾಗಲೇ ಕಂದು ಗೋಲಿಗಳ ಹೊಸ ಪೊಟ್ಟಣ ಮುಗಿಯಿತು. ಅಷ್ಟರಲ್ಲಿ ಹೊರಗೆ ಟೀಚರ ಗಂಡ ಸ್ಕೂಟರ್ ನಿಲ್ಲಿಸಿ ಹಾರ್ನ್ ಹೊಡೆದ. "ಬಂದೆ, ಎರಡೇ ನಿಮಿಷ!" ಎಂದು ಅವಳು ಕೂಗಿದಳು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕೈಗೆ ಹತ್ತಿದ ಗುಣವೂ ಅಷ್ಟೆ. ಅವಳ ಬಾಯಿ ಅತ್ತ ಕೂಗುತ್ತಿರುವಾಗ ಅವಳ ಕೈ ಗೋಡೆಯ ತುದಿಯ ಡಬ್ಬಿಗೆ ಹೋಗಿ ಒಂದು ಹಿಡಿ ತೆಗೆದು ಬಂದಿತ್ತು. ಕಂದಿಗೆ ಕಂದು ಚೆನ್ನಾಗಿ ಕೂಡಿಕೊಂಡಿತು. ಹಾದಿ ಬಾಗಿಲು ಮುಟ್ಟಿತು. ಕೇಕು ಹೊರಟುಹೋಯಿತು.

ಅವಳು ಸೆರಗಲ್ಲಿ ಮುಖ ಒರೆಸಿಕೊಂಡು ಕೂತಳು. ಗಂಡ ಮೇಜಿನ ಮೇಲೆ ಉಳಿದಿದ್ದ ನಾಲ್ಕು ಗೋಲಿಗಳಲ್ಲಿ ಒಂದನ್ನು ಬಾಯಿಗೆಸೆದುಕೊಂಡು ಕಡಿದ. ಕಟಕ್ ಎಂದಿತು.

"ನನಗೆ ಮಾತ್ರ ಕೈ ತೊಳಿ ಅಂತೀಯ," ಎಂದ, ಅಗಿಯುತ್ತ. "ಇದರೊಳಗೇ ಕಡಲೆಬೀಜ ಇದೆಯಲ್ಲೇ."

ಅವಳು ಗೋಡೆಯತ್ತ ತಿರುಗಿದಳು. ತುದಿಯ ಡಬ್ಬಿಯ ಮುಚ್ಚಳ ತೆರೆದೇ ಇತ್ತು.

ಟೀಚರಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು, ಮತ್ತೆ. ಗಂಡನ ಕೈಗೆ ಫೋನು ತುರುಕಿ ಬರಿಗಾಲಲ್ಲಿ ಓಡಿದಳು. ಐವತ್ತಾರು ವರ್ಷದ ಭಾರಿ ಹೆಂಗಸು ಹಾಗೆ ಓಡುವುದನ್ನು ಕಂಡು ಇಸ್ತ್ರಿ ಅಂಗಡಿಯವನು ನಕ್ಕ. ತಿರುವಿನಲ್ಲೇ ಮಕ್ಕಳ ಹಾಡು ಕೇಳಿಸಿತು. ಹಾಡು ನಿಂತು ಚಪ್ಪಾಳೆ ಶುರುವಾಯಿತು. ಇನ್ನೂ ಆರು ಮನೆ ದಾಟಬೇಕಿತ್ತು.

ಒಳಗೆ ನುಗ್ಗಿದವಳು ಎರಡೂ ಕೈಯಿಂದ ಕೇಕನ್ನು ಮೇಜಿನಿಂದ ಕೆಳಕ್ಕೆ ತಳ್ಳಿದಳು. ಮಕ್ಕಳು ಕಿರುಚಿದವು.

"ಏನಕ್ಕಾ ಇದು? ತಲೆ ಕೆಟ್ಟಿದೆಯಾ ನಿಮಗೆ?"

"ಕಡಲೆಬೀಜ…" ಅವಳಿಗೆ ಉಸಿರು ಸಿಗಲಿಲ್ಲ. "ಕಲ್ಲಲ್ಲಿ… ಬಾಗಿಲ ಹತ್ತಿರದ್ದರಲ್ಲಿ…"

ಎಲ್ಲರೂ ಪುಟ್ಟಿಯತ್ತ ತಿರುಗಿದರು. ಹುಟ್ಟುಹಬ್ಬದ ಹುಡುಗಿ ಅಳುವುದಕ್ಕೆಂದು ಬಾಯಿ ತೆರೆದಿದ್ದಳು. ನಾಲಿಗೆ ಕಂದಾಗಿತ್ತು.

"ನಾನು ಒಂದೇ ಕಲ್ಲು ತಗೊಂಡೆ ಅಮ್ಮಾ," ಎಂದಳು. "ಬಾಗಿಲದ್ದು." ಆಮೇಲೆ ತುಟಿ ಕೆರೆದುಕೊಂಡಳು.

ಟೀಚರ್ ಕಪಾಟಿನಿಂದ ಡಾಕ್ಟರು ಕೊಟ್ಟಿದ್ದ ಸೂಜಿಮದ್ದು ತಂದು ಫ್ರಾಕಿನ ಮೇಲಿಂದಲೇ ಮಗುವಿನ ತೊಡೆಗೆ ಚುಚ್ಚಿ, ಎತ್ತಿಕೊಂಡು ಹೊರಗೋಡಿದಳು. ಸ್ಕೂಟರಿನ ಸದ್ದು ದೂರವಾಗುವ ತನಕ ತೋಟದಕ್ಕನಿಗೆ ಕೇಳಿಸುತ್ತಿದ್ದುದು ಒಂದೇ, ಆ ಮಗು ಉಸಿರೆಳೆಯುವಾಗಿನ ಸಿಳ್ಳೆಯಂಥ ಸದ್ದು.

ಬೇರೆ ಮಕ್ಕಳನ್ನು ಅವರವರ ತಾಯಂದಿರು ಬಂದು ಕರೆದೊಯ್ದರು. ಯಾರೂ ಅವಳನ್ನು ಮಾತಾಡಿಸಲಿಲ್ಲ. ಅವಳು ನೆಲದ ಮೇಲೆ ಕೂತು, ಚೆಲ್ಲಿದ ತೋಟದಿಂದ ಕಲ್ಲುಗಳನ್ನು ಹೆಕ್ಕಿ ಒಂದೊಂದನ್ನೇ ಚಮಚದ ಬೆನ್ನಿಂದ ಒಡೆದಳು. ಬರೀ ಚಾಕೊಲೇಟ್, ಬರೀ ಚಾಕೊಲೇಟ್, ಬೀಜ. ಮತ್ತೆ ಬೀಜ. ಹೊರಗಿನಿಂದ ಎಲ್ಲವೂ ಒಂದೇ. ಒಡೆಯುವುದರಿಂದ ಏನೂ ಆಗುವುದಿಲ್ಲವೆಂದು ಗೊತ್ತಿದ್ದರೂ ಕೈ ನಿಲ್ಲಲಿಲ್ಲ. ದೇವರೇ, ನನ್ನ ಉಸಿರು ತಗೊ, ಆ ಮಗೂನ ಬಿಡು ಎಂದು ಮನಸ್ಸಿನಲ್ಲೇ ಗೋಗರೆದಳು.

ಗಂಡ ಹುಡುಕಿಕೊಂಡು ಬಂದಾಗ ಅವನ ಕೈಯಲ್ಲೇ ಫೋನು ಬಡಿದುಕೊಂಡಿತು. ಅವನು ಅದನ್ನು ಅವಳ ಕಿವಿಗಿಟ್ಟ.

"ಉಸಿರಾಡ್ತಿದ್ದಾಳೆ," ಎಂದಳು ಟೀಚರ್. "ಇವತ್ತು ಆಸ್ಪತ್ರೆಯಲ್ಲೇ ಇಟ್ಕೋತಾರಂತೆ."

ತೋಟದಕ್ಕನಿಗೆ ಅಳು ಒತ್ತರಿಸಿ ಬಂತು. ಅಳುತ್ತಲೇ ಕಂದು ಡಬ್ಬಿಗೆ ಕೈ ಹೋದದ್ದನ್ನು ಹೇಳಿದಳು.

"ಅಕ್ಕಾ, ಅಷ್ಟು ಬಿಡಿಸಿ ಹೇಳಿದ್ದೆ. ಆ ಡಬ್ಬಿಗೆ ಕೈ ಹಾಕುವಾಗ ನೀವು ಏನು ನೋಡ್ತಿದ್ರಿ?"

ಅವಳು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಬಣ್ಣ, ಟೀಚರ್," ಎಂದಳು.